ದವಡೆಯ ಅಡಿಯ ತಾರೀಖು

ಮಂಗಳವಾರ ಬೆಳಗ್ಗೆ ಕ್ಲಿನಿಕ್ಕಿನಿಂದ ಬಂದ ಚೀಲದಲ್ಲಿ ಒಂಬತ್ತು ಅಚ್ಚುಗಳಿದ್ದವು. ಐದನೆಯದು ಅಕ್ಕನ ಬಾಯಿ.

ಚೀಟಿ ಓದುವ ಮೊದಲೇ ಗೊತ್ತಾಯಿತು. ಅಚ್ಚಿನಲ್ಲಿ ಹಲ್ಲುಗಳಿರುವುದಿಲ್ಲ, ಹಲ್ಲು ಒತ್ತಿದ ಗುಳಿಗಳಿರುತ್ತವೆ. ದೀಪದ ಕೆಳಗೆ ಹಿಡಿದಾಗ ಎಡಗಡೆಯ ಕೋರೆಹಲ್ಲಿನ ಗುಳಿ ಓರೆಯಾಗಿ ಕಂಡಿತು. ನಮ್ಮ ಅಪ್ಪನ ಕೋರೆಹಲ್ಲು ಹಾಗಿತ್ತು. ನನ್ನದೂ ಹಾಗಿದೆ. ಅದರ ಆಚೆಗೆ, ಮುಂದಿನ ಎರಡು ಹಲ್ಲು ಇರಬೇಕಾದಲ್ಲಿ ಗುಳಿಯೇ ಇರಲಿಲ್ಲ. ಊದಿಕೊಂಡ ಒಸಡಿನ ಗುರುತು ಮಾತ್ರ ಇತ್ತು. ಆ ಎರಡರಲ್ಲಿ ಒಂದನ್ನು ಹಿಂದೊಮ್ಮೆ ನಾನೇ ಮಾಡಿದ್ದೆ.

ಹಲ್ಲು ಮಾಡುವುದು ನನ್ನ ಕೆಲಸ. ಡಾಕ್ಟರು ರೋಗಿಯ ಬಾಯಿಯ ಅಚ್ಚು ತೆಗೆದು ನಮ್ಮ ಲ್ಯಾಬಿಗೆ ಕಳಿಸುತ್ತಾರೆ. ನಾವು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಮಾಡುತ್ತೇವೆ, ದವಡೆಯ ಮೇಲೆ ಹಲ್ಲು ಕೂರಿಸಿ ವಾಪಸ್ ಕಳಿಸುತ್ತೇವೆ. ಆ ಬಾಯಿ ಯಾರದು, ಏನು ಮಾತಾಡುತ್ತದೆ, ನಮಗೆ ಗೊತ್ತಾಗುವುದಿಲ್ಲ. ನಾಲ್ಕು ಜನ, ಎರಡು ಕಿಟಕಿ, ಒಂದು ಕುಲುಮೆ. ಎಲ್ಲರ ರೆಪ್ಪೆಯ ಮೇಲೂ ಬಿಳಿ ಪುಡಿ. ಬಸ್ಸಿನಲ್ಲಿ ಪಕ್ಕ ಕೂತವರು ನಾನು ಹಿಟ್ಟಿನ ಗಿರಣಿಯವಳು ಅಂದುಕೊಳ್ಳುತ್ತಾರೆ.

ಕೈ ತನ್ನ ಪಾಡಿಗೆ ಕೆಲಸ ಮಾಡಿತು. ಪ್ಲಾಸ್ಟರ್ ಕಲಸಿ, ಗಡಗಡ ನಡುಗುವ ಮೇಜಿನ ಮೇಲೆ ಅಚ್ಚನ್ನಿಟ್ಟು, ಗುಳ್ಳೆ ಬರದಂತೆ ಒಂದು ಮೂಲೆಯಿಂದ ಹೊಯ್ದೆ. ಗಟ್ಟಿಯಾಗುವ ಮುಂಚೆ ಅಡಿಭಾಗದಲ್ಲಿ ಸೂಜಿಯಿಂದ ನಂಬರು ಮತ್ತು ತಾರೀಖು ಗೀರಿದೆ. ಅದು ನಮ್ಮ ಯಜಮಾನರ ಕಟ್ಟಪ್ಪಣೆ. ಹಿಂದೆ ಯಾರೋ ತಾರೀಖು ಗೀರುವುದು ಮರೆತು, ಒಬ್ಬ ತಾತನ ಹಲ್ಲುಸೆಟ್ಟು ಇನ್ನೊಬ್ಬ ತಾತನಿಗೆ ಹೋಗಿತ್ತಂತೆ. ಇಬ್ಬರೂ ಒಂದು ವಾರ ಅದರಲ್ಲೇ ಊಟ ಮಾಡಿ, ಮೊದಲಿಗಿಂತ ಚೆನ್ನಾಗಿದೆ ಅಂದಿದ್ದರಂತೆ. ಯಜಮಾನರು ಈ ಕತೆಯನ್ನು ಹೊಸಬರಿಗೆಲ್ಲ ಹೇಳುತ್ತಾರೆ, ಆದರೆ ತಾರೀಖು ಬಿಟ್ಟವರನ್ನು ಬಿಡುವುದಿಲ್ಲ.

ದವಡೆಯನ್ನು ಅಚ್ಚಿನಿಂದ ಬಿಡಿಸಿದಾಗ ಅವರು ನನ್ನ ಹಿಂದೆ ನಿಂತಿದ್ದರು. ಯಾರದು ಅಂತ ಕೇಳಿದರು. ನಮ್ಮಕ್ಕನದು ಅಂದೆ. ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡಿದರು.

"ಮತ್ತೆ ಬಿದ್ದಳಾ?"

"ಹೂಂ, ಸಾರ್."

ಅವರು ದವಡೆಯನ್ನು ಮೆಲ್ಲಗೆ ಕೆಳಗಿಟ್ಟರು. ಉಳಿದ ಕೆಲಸ ಆಮೇಲೆ ಮಾಡು, ಮೊದಲು ಇದನ್ನು ಮಾಡು ಅಂದು ಹೋದರು.

ಮಧ್ಯಾಹ್ನ ಮನೆಗೆ ಬಂದಾಗ ಅಕ್ಕ ಗಂಡನ ಮನೆಯಿಂದ ಬಂದು ಮಂಚದ ಅಂಚಿನಲ್ಲಿ ಕೂತಿದ್ದಳು. ಗಡಿಯಾರ ರಿಪೇರಿ ಅಂಗಡಿಯ ಮೇಲೆ ನಮ್ಮ ಎರಡು ಕೋಣೆ. ಅಮ್ಮ ಹಾಲಿನಲ್ಲಿ ಬ್ರೆಡ್ಡು ನೆನೆಸಿ ಚಮಚದಲ್ಲಿ ಅವಳಿಗೆ ತಿನ್ನಿಸುತ್ತಿದ್ದಳು. ಮೂವತ್ತಾರು ವರ್ಷದ ಹೆಂಗಸು, ಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದಳು. ಮೇಲ್ತುಟಿ ಮೂಗಿನವರೆಗೆ ಊದಿತ್ತು. ಪಕ್ಕದಲ್ಲಿ ಔಷಧದ ಕಾಗದದ ಚೀಲ: ನೋವಿನ ಮಾತ್ರೆ, ಊತದ ಮಾತ್ರೆ, ಬಾಯಿ ಮುಕ್ಕಳಿಸುವ ನೀರು. ಮಾತ್ರೆಯ ಪಟ್ಟಿಯ ಹಿಂದೆ ದುಂಡಗಿನ ಅಕ್ಷರದಲ್ಲಿ 'ದಿನಕ್ಕೆ ಎರಡು ಸಲ, ಊಟವಾದ ಮೇಲೆ' ಅಂತ ಬರೆದಿತ್ತು. ಅದು ಭಾವನ ಅಕ್ಷರ.

ಭಾವ ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್. ಹೊಡೆದ ಮೇಲೆ ಔಷಧ ಅವನೇ ತರುತ್ತಾನೆ. ಅಂಗಡಿಯಲ್ಲಿ ಅವನಷ್ಟು ತಾಳ್ಮೆಯ ಮನುಷ್ಯ ಇಲ್ಲ ಅಂತ ಇಡೀ ಬೀದಿ ಹೇಳುತ್ತದೆ. ಕಿವಿ ಕೇಳದ ಮುದುಕಿಗೆ ಒಂದೇ ಮಾತ್ರೆಯ ಬಗ್ಗೆ ಐದು ಸಲ ಹೇಳುತ್ತಾನೆ. ಗಿರಾಕಿಗಳು ಬೈದರೆ ನಗುತ್ತಾನೆ. ಕುಡಿಯುವುದಿಲ್ಲ, ಸಿಗರೇಟಿಲ್ಲ. ಅವನನ್ನು ಕುಡುಕ ಅನ್ನುವಂತಿದ್ದರೆ ಅಮ್ಮನಿಗೆ ಸುಲಭವಾಗುತ್ತಿತ್ತು. ಕುಡಿತ ಇಲ್ಲದ ಕಡೆ ಇನ್ನೊಂದು ಕಾರಣ ಬೇಕಿತ್ತು, ಅದು ನಾನು.

ನನಗೆ ಗಂಡಸರ ಮೇಲೆ ಮನಸ್ಸಾಗುವುದಿಲ್ಲ, ಹೆಂಗಸರ ಮೇಲೆ ಆಗುತ್ತದೆ. ಇದು ನನಗೆ ಹದಿನೈದನೇ ವಯಸ್ಸಿಗೆ ಗೊತ್ತಾಯಿತು, ಮನೆಯವರಿಗೆ ಎರಡು ವರ್ಷದ ಹಿಂದಿನ ಜೂನ್ ತಿಂಗಳಲ್ಲಿ. ಅಕ್ಕನಿಗೆ ನಾನೇ ಹೇಳಿದೆ, ಅಕ್ಕ ಭಾವನಿಗೆ ಹೇಳಿದಳು, ಭಾವ ಅಮ್ಮನ ಹತ್ತಿರ ಬಂದು ಅತ್ತ. ಆ ಮೇಲೆ ಅಕ್ಕನ ಮೈಮೇಲೆ ಗುರುತುಗಳು ಕಾಣಿಸಿಕೊಂಡವು. ಮೊದಲು ತೋಳು, ಆಮೇಲೆ ಕುತ್ತಿಗೆ. ಅಮ್ಮ ಎರಡನ್ನೂ ಜೋಡಿಸಿದಳು. ಮರ್ಯಾದಸ್ಥ ಮನುಷ್ಯ, ಹೆಂಡತಿಯ ತಂಗಿ ಹೀಗೆ ಅಂತ ಗೊತ್ತಾದರೆ ತಲೆ ಕೆಡದೆ ಇರುತ್ತದೆಯೇ ಅಂದಳು. ನಾನು ಹೀಗಾಗಿದ್ದಕ್ಕೂ ಅವಳ ಬಳಿ ಕಾರಣವಿತ್ತು. ಅಪ್ಪ ಅವಳನ್ನು ಹೊಡೆಯುತ್ತಿದ್ದುದನ್ನು ನಾನು ಚಿಕ್ಕವಳಾಗಿ ನೋಡಿದ್ದೆ, ಅದಕ್ಕೇ ಗಂಡಸರೆಂದರೆ ಹೇಸಿಗೆ ಬಂದು ಈ ದಾರಿ ಹಿಡಿದೆ ಅನ್ನುವುದು ಅವಳ ಲೆಕ್ಕ.

ಆ ಹೊಡೆತವನ್ನು ಅಕ್ಕನೂ ನನ್ನ ಪಕ್ಕದಲ್ಲೇ, ಅದೇ ಬಾಗಿಲ ಸಂದಿನಿಂದ ನೋಡಿದ್ದಳು. ಅವಳು ಗಂಡಸನ್ನು ಇಷ್ಟಪಟ್ಟು ಮದುವೆಯಾದಳು. ಇದನ್ನು ಒಮ್ಮೆ ಅಮ್ಮನಿಗೆ ಹೇಳಿದ್ದೆ. ಅಪ್ಪ ಹೊಡೆದಿದ್ದಕ್ಕೆ ನಾನು ಹೀಗಾದೆ, ನಾನು ಹೀಗಾಗಿದ್ದಕ್ಕೆ ಭಾವ ಹೊಡೆಯುತ್ತಾನೆ, ಒಂದು ಕಡೆಯಿಂದ ಏಟು ಒಳಗೆ ಬಂದು ಇನ್ನೊಂದು ಕಡೆಯಿಂದ ಆಚೆ ಹೋಗೋಕೆ ನಾನೇನು ನೀರಿನ ಪೈಪಾ ಅಂತ ಕೇಳಿದ್ದೆ. ಅಮ್ಮ ನಗಲಿಲ್ಲ. ನಿಜ ಹೇಳಬೇಕೆಂದರೆ ನಾನೂ ಆ ಲೆಕ್ಕದ ಅರ್ಧ ಭಾಗವನ್ನು ನಂಬಿದ್ದೆ. ಅಪ್ಪನ ಭಾಗವನ್ನು ನಂಬಿರಲಿಲ್ಲ. ಭಾವನ ಭಾಗವನ್ನು ನಂಬಿದ್ದೆ.

ಭಾನುವಾರ ಬೆಳಗ್ಗೆ ಭಾವ ಬಂದ. ಇಸ್ತ್ರಿ ಮಾಡಿದ ಅಂಗಿ. ಕೈಯಲ್ಲಿ ಇನ್ನೊಂದು ಔಷಧದ ಚೀಲ. ಚಪ್ಪಲಿಯನ್ನು ಜೋಡಿಸಿ ಬಿಟ್ಟು, ಅಮ್ಮನ ಸಕ್ಕರೆ ಮಾತ್ರೆ ಮುಗಿದಿದೆಯೇ ಅಂತ ಕೇಳಿ ಕೂತ. ಅಕ್ಕ ಒಳಗಿನ ಕೋಣೆಯಲ್ಲಿದ್ದಳು. ಅವನು ನನ್ನನ್ನೇ ಕರೆದ.

ತಪ್ಪು ತನ್ನದೇ ಅಂದ. ಅಂಗಡಿಯಲ್ಲಿ ಹನ್ನೆರಡು ಗಂಟೆ ನಿಂತು ಬಂದರೆ ಮನೆಯ ವಿಷಯ ತಲೆಯಲ್ಲಿ ಸುತ್ತುತ್ತದೆ, ನೆಂಟರು ಕೇಳುತ್ತಾರೆ, ಅವರಿಗೆ ಏನು ಉತ್ತರ ಕೊಡಲಿ ಅಂದ. ಮಾತು ಮೆತ್ತಗಿತ್ತು. ಆಮೇಲೆ ಕಣ್ಣು ಒರೆಸಿಕೊಂಡ.

"ನೋಡಮ್ಮ, ನಿನ್ನ ವಿಷಯ ಗೊತ್ತಾಗೋ ತನಕ ನಾನು ಅವಳ ಮೇಲೆ ಕೈ ಎತ್ತಿರಲಿಲ್ಲ. ಆ ಮುಂದಿನ ಹಲ್ಲು ಮುರಿದಿದ್ದೇ ಮೊದಲ ಸಲ. ಬಿದ್ದೆ ಅಂತ ನಿಮ್ಮಕ್ಕ ನನ್ನ ಮಾನ ಉಳಿಸಿದಳು. ನಾನೇ ಹೊಡೆದಿದ್ದು. ನೀನು ಹೇಳಿದ ವಾರವೇ ಅದು. ಒಪ್ಕೋತೀನಿ."

ಅವನು ಒಪ್ಪಿಕೊಂಡಿದ್ದೇ ನನಗೆ ದೊಡ್ಡದಾಗಿ ಕಂಡಿತು. ಆ ಹಲ್ಲು ನನಗೆ ನೆನಪಿತ್ತು; ಯಜಮಾನರು ತಿದ್ದದೆ ಬಿಟ್ಟ ನನ್ನ ಮೊದಲ ಮುಂದಿನ ಹಲ್ಲು ಅದು. ಆದರೆ ಯಾವ ವರ್ಷ ಅಂತ ಕೇಳಿದರೆ ಹೇಳಲಾಗುತ್ತಿರಲಿಲ್ಲ. ತಿಂಗಳಿಗೆ ಅರವತ್ತು ಹಲ್ಲು ಮಾಡುವವಳಿಗೆ ವರ್ಷಗಳೆಲ್ಲ ಒಂದೇ ಬಣ್ಣ. ಅವನು ಹೇಳಿದ ವಾರವೇ ಇರಬೇಕು ಅಂದುಕೊಂಡೆ. ಬಿದ್ದೆ ಅಂತ ಅಕ್ಕ ಹೇಳಿದಾಗ ನಂಬಿದವಳು, ಹೊಡೆದೆ ಅಂತ ಅವನು ಹೇಳಿದಾಗಲೂ ನಂಬಿದೆ.

ಪರಿಹಾರವನ್ನು ಅವನೇ ತಂದಿದ್ದ. ಅಂಗಡಿಯ ಎದುರಿನ ಕನ್ನಡಕದ ಅಂಗಡಿಯವನಿಗೆ ಹೆಂಡತಿ ಸತ್ತು ಎರಡು ವರ್ಷ, ಮಕ್ಕಳಿಲ್ಲ. ನನ್ನ ಬಗ್ಗೆ ಏನೂ ಕೇಳುವುದಿಲ್ಲ. ಬುಧವಾರ ಸಂಜೆ ಬಂದು ನೋಡಿ ಹೋಗುತ್ತಾನೆ. ಅವತ್ತೇ ಅಕ್ಕನನ್ನು ಕರೆದುಕೊಂಡು ಹೋಗುತ್ತೇನೆ, ಇನ್ನು ಮುಂದೆ ಅವಳ ಮೈಮೇಲೆ ಒಂದು ಗೀರು ಬಿದ್ದರೂ ನನ್ನನ್ನು ಕೇಳಿ ಅಂದ. ಅಮ್ಮ ನನ್ನ ಮುಖ ನೋಡಿದಳು. ಒಳಕೋಣೆಯ ಪರದೆ ಅಲ್ಲಾಡಲಿಲ್ಲ.

ನಾನು ಆಗಲಿ ಅಂದೆ.

ಸೋಮವಾರ ಬೆಳಗ್ಗೆ ಕೆಲಸಕ್ಕೆ ಮುಂಚೆ ಕ್ಲಚ್‌ಗೆ ಹೇಳಲು ಹೋದೆ. ಅವಳು ಹೆಂಗಸರಿಗೆ ಕಾರು ಕಲಿಸುತ್ತಾಳೆ. ಕಲಿಯುವವರೆಲ್ಲ ಭಯದಲ್ಲಿ ಬ್ರೇಕು ಒತ್ತುತ್ತಾರೆ, ಇವಳು ಪಕ್ಕದಲ್ಲಿ ಕೂತು ಕ್ಲಚ್, ಕ್ಲಚ್ ಅಂತ ಕೂಗುತ್ತಾಳೆ. ಹಾಗಾಗಿ ಆ ಹೆಸರು. ಮೂರು ವರ್ಷದಿಂದ ನಾವು ಜೊತೆಗಿದ್ದೆವು. ಒಂದೇ ಮನೆಯಲ್ಲಲ್ಲ, ಆ ಕಾರಿನಲ್ಲಿ, ಅವಳ ಬಾಡಿಗೆ ಕೋಣೆಯಲ್ಲಿ, ಭಾನುವಾರಗಳಲ್ಲಿ. ಅವಳ ಕಡೆಯೂ ಒಂದು ಬ್ರೇಕು ಇರುವ ಕಾರು ಅದು. ಮೈದಾನದ ಪಕ್ಕ ನಿಲ್ಲಿಸಿ ಟೀ ಕುಡಿಯುತ್ತಿದ್ದಳು. ನಾನು ಚಾಲಕನ ಸೀಟಿನಲ್ಲಿ ಕೂತು ಎಲ್ಲ ಹೇಳಿದೆ.

ಅವಳು ಪೂರ್ತಿ ಕೇಳಿದಳು.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ. ಹೋಗ್ಲಿ, ಎಮ್ಮೆನೇ ಬರೆ ಹಾಕಿಸ್ಕೊಳ್ಳೋಕೆ ಸಾಲಲ್ಲಿ ನಿಂತಿರೋದು ಇವತ್ತೇ ನೋಡಿದ್ದು."

ತಮಾಷೆಯಲ್ಲ ಅಂದೆ. ತಾನೂ ತಮಾಷೆ ಮಾಡುತ್ತಿಲ್ಲ ಅಂದಳು. ಅವನು ಮತ್ತೆ ಹೊಡೆದಾಗ ಏನು ಮಾಡುತ್ತೀ, ಎರಡನೇ ಮದುವೆಯಾಗುತ್ತೀಯಾ ಅಂತ ಕೇಳಿದಳು. ಅಕ್ಕನ ಬಾಯಿ ನೀನು ನೋಡಿಲ್ಲ, ನಾನು ನೋಡಿದ್ದೇನೆ ಅಂದೆ. ಹಾಗಾದರೆ ಪೊಲೀಸಿಗೆ ಹೋಗು, ಕನ್ನಡಕದವನ ಹತ್ತಿರ ಯಾಕೆ ಹೋಗುತ್ತೀ ಅಂದು ಬಾಗಿಲಿನ ಹಿಡಿಗೆ ಕೈ ಹಾಕಿದಳು. ಅವಳು ಇಳಿದು ಹೋಗುವುದು ನನಗೆ ಬೇಕಿರಲಿಲ್ಲ. ಮಣಿಕಟ್ಟು ಹಿಡಿದೆ. ಬಿಡು ಅಂದಳು. ಬಿಡಲಿಲ್ಲ. ಇನ್ನೊಮ್ಮೆ ಬಿಡು ಅಂದಳು. ದಿನವಿಡೀ ಇಕ್ಕಳ ಹಿಡಿಯುವ ಕೈ ನನ್ನದು. ಅವಳ ಟೀ ತೊಡೆಯ ಮೇಲೆ ಚೆಲ್ಲಿತು. ಆಗ ಬಿಟ್ಟೆ.

ಅವಳು ಕೈ ಎತ್ತಿ ನನ್ನ ಮುಖದ ಮುಂದೆ ಹಿಡಿದಳು. ನಾಲ್ಕು ಬೆರಳಿನ ಗುರುತು ಬೆಳ್ಳಗೆ ಎದ್ದು, ನೋಡುತ್ತಿದ್ದಂತೆ ಕೆಂಪಾಯಿತು.

"ತಲೆ ಕೆಟ್ಟಿತ್ತು. ಮನೇಲಿ ಹೀಗೆಲ್ಲ ಆಗಿದ್ದಕ್ಕೆ..."

"ನಿನ್ನ ಭಾವನೂ ಇದನ್ನೇ ಅಂದ ಅಂತ ಈಗ ತಾನೇ ಹೇಳಿದೆ."

ಸಮಾಧಾನ ಮಾಡಲು ಹೋದೆ. ನಾವಿಬ್ಬರೂ ಹೆಂಗಸರು, ಇದು ಅದಲ್ಲ ಅಂದೆ. ಅವಳು ನಕ್ಕಳು, ಚೆನ್ನಾಗಿರಲಿಲ್ಲ ಆ ನಗು. ಹೆಂಗಸಿನ ಬೆರಳು ಸಣ್ಣ, ಗುರುತೂ ಸಣ್ಣ, ಅಷ್ಟೇ ಅಂದಳು. ಒಂಬತ್ತು ಗಂಟೆಗೆ ಕಲಿಯುವವಳು ಬರುತ್ತಾಳೆ, ಕೆಳಗಿಳಿ ಅಂದಳು. ನಾನು ಇಳಿದೆ. ಅವಳು ಆ ಕಡೆಯಿಂದ ಬಂದು, ಸೀಟನ್ನು ಬಟ್ಟೆಯಿಂದ ಒರೆಸಿದಳು. ನನ್ನ ಪ್ಯಾಂಟಿನ ಪ್ಲಾಸ್ಟರ್ ಪುಡಿ ಅಂಟಿತ್ತು. ಯಾವಾಗಲೂ ಅಂಟುತ್ತಿತ್ತು, ಅವಳು ಯಾವಾಗಲೂ ನಾನು ಹೋದ ಮೇಲೆ ಒರೆಸುತ್ತಿದ್ದಳು. ಅವತ್ತು ನಾನು ನೋಡುತ್ತಿರುವಾಗಲೇ ಒರೆಸಿದಳು.

ಲ್ಯಾಬಿಗೆ ಬಂದು ಅಕ್ಕನ ಕೆಲಸ ಹಿಡಿದೆ. ಊತ ಇಳಿಯುವ ತನಕ, ತೆಗೆದು ಮತ್ತೆ ಹಾಕಿಕೊಳ್ಳುವಂಥ ಎರಡು ಹಲ್ಲಿನ ಸಣ್ಣ ಪ್ಲೇಟು ಸಾಕು ಅಂತ ಡಾಕ್ಟರು ಬರೆದಿದ್ದರು. ಹಲ್ಲಿನ ಆಕಾರ ಮೊದಲಿನ ಹಾಗೇ ಇರಲಿ ಅನ್ನಿಸಿತು. ಬುಧವಾರ ಅವಳು ನಕ್ಕರೆ ನೆಂಟರಿಗೆ ವ್ಯತ್ಯಾಸ ಗೊತ್ತಾಗಬಾರದು.

ಮೊದಲಿನ ದವಡೆ ನನ್ನ ಮೇಜಿನ ಮೇಲೇ ಇತ್ತು. ಅಕ್ಕನ ಆ ಮುಂದಿನ ಹಲ್ಲನ್ನು ನಾನು ಎರಡು ಸಲ ಮಾಡಿ ಕುಲುಮೆಯಲ್ಲಿ ಸುಟ್ಟಿದ್ದೆ. ಮೊದಲನೆಯದರ ಬಣ್ಣ ಒಂದು ಛಾಯೆ ಹೆಚ್ಚು ಹಳದಿಯಾಗಿತ್ತು. ಎರಡನೆಯದು ಅವಳ ಬಾಯಿಗೆ ಹೋಯಿತು, ಹಳದಿಯದು ದವಡೆಯ ಮೇಲೇ ಉಳಿಯಿತು. ಆಕಾರ ಚೆನ್ನಾಗಿ ಬಂದಿದೆ ಅಂತ ಹೆಮ್ಮೆಗೆ ಇಟ್ಟುಕೊಂಡಿದ್ದೆ. ಆಮೇಲೆ ಅದು ಕುಂಚ ಒರಗಿಸುವ ಆಸರೆಯಾಯಿತು. ಮೇಜು ನಡುಗಿದಾಗ ಜಾರದಿರಲಿ ಅಂತ ಅಡಿಗೆ ಮೇಣ ಕರಗಿಸಿ ಅಂಟಿಸಿದ್ದೆ. ಅದನ್ನು ತಿರುಗಿಸಿ ನೋಡುವ ಪ್ರಮೇಯವೇ ಬಂದಿರಲಿಲ್ಲ. ನಮ್ಮ ಕಸುಬಿನವರು ಯಾವಾಗಲೂ ಹಲ್ಲು ನೋಡುತ್ತಾರೆ. ಅಡಿ ನೋಡುವುದು ಏನಾದರೂ ಕಳೆದುಹೋದಾಗ ಮಾತ್ರ.

ಹೊಸದರ ಪಕ್ಕದಲ್ಲಿ ಇಟ್ಟು ಅಳೆಯಲು ಅದನ್ನು ಚಾಕುವಿನಿಂದ ಎಬ್ಬಿಸಿದೆ. ಮೇಣದ ಗಟ್ಟಿ ಅಡಿಗೇ ಅಂಟಿಕೊಂಡು ಬಂತು. ದವಡೆ ಸಮವಾಗಿ ಕೂರಲಿಲ್ಲ, ಮೇಣ ಕೆರೆದೆ. ಕೆರೆದ ಕಡೆ ಗೀರುಗಳು ಕಂಡವು. ನನ್ನದೇ ಕೈಬರಹ.

ಫೆಬ್ರವರಿ ಹನ್ನೊಂದು. ನಾಲ್ಕು ವರ್ಷದ ಹಿಂದಿನದು.

ಮೊದಲು ನನ್ನದೇ ತಪ್ಪಿರಬಹುದು ಅಂದುಕೊಂಡೆ. ಹೊಸ ವರ್ಷದಲ್ಲಿ ಹಳೆಯ ಇಸವಿ ಬರೆಯುವುದು ಎಲ್ಲರಿಗೂ ಆಗುತ್ತದೆ. ನಂಬರು ಹಿಡಿದು ಕಪಾಟಿನ ಡಬ್ಬಗಳಲ್ಲಿ ಹುಡುಕಿದೆ. ಅದರ ಹಿಂದಿನ ನಂಬರಿನ ದವಡೆ ಸಿಕ್ಕಿತು, ಮುಂದಿನದೂ ಸಿಕ್ಕಿತು. ಒಂದರ ಮೇಲೆ ಹತ್ತು, ಇನ್ನೊಂದರ ಮೇಲೆ ಹನ್ನೊಂದು, ಅದೇ ಫೆಬ್ರವರಿ, ಅದೇ ವರ್ಷ. ಆ ಫೆಬ್ರವರಿಯಲ್ಲಿ ನನ್ನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಕ್ಲಚ್‌ಳ ಮುಖವನ್ನೇ ನಾನು ನೋಡಿರಲಿಲ್ಲ. ಮೊದಲ ಸಲ ಅಂತ ಅವನೇ ಅತ್ತುಕೊಂಡು ಒಪ್ಪಿಕೊಂಡ ಏಟು, ನಾನು ಬಾಯಿ ಬಿಡುವುದಕ್ಕೆ ಎರಡು ವರ್ಷ ನಾಲ್ಕು ತಿಂಗಳು ಮುಂಚೆ ಬಿದ್ದಿತ್ತು.

ದವಡೆಗಳಿಗೆ ತಾರೀಖು ಇರುತ್ತದೆ ಅಂತ ಅವನಿಗೆ ಗೊತ್ತಿರಲಿಲ್ಲ. ಔಷಧಕ್ಕೆ ಇರುವ ಹಾಗೆ ಇದಕ್ಕೂ ಇರುತ್ತದೆ.

ಎರಡೂ ದವಡೆಗಳನ್ನು ಹತ್ತಿಯಲ್ಲಿ ಸುತ್ತಿ, ಸಿದ್ಧವಾದ ಪ್ಲೇಟನ್ನು ಸಣ್ಣ ಡಬ್ಬಿಗೆ ಹಾಕಿ, ಬುಧವಾರ ಮಧ್ಯಾಹ್ನ ರಜೆ ಕೇಳಿ ಹೊರಟೆ. ಯಜಮಾನರು ಚೀಲ ನೋಡಿದರು. ಲ್ಯಾಬಿನ ಮಾಲು ಹೊರಗೆ ಹೋಗಬಾರದು ಅನ್ನುವುದು ಅವರ ಇನ್ನೊಂದು ಕಟ್ಟಪ್ಪಣೆ. ಅವರು ಕಿಟಕಿಯ ಕಡೆ ತಿರುಗಿಕೊಂಡರು.

ಅಮ್ಮ ನೆಲ ಒರೆಸಿ, ಕುರ್ಚಿಗಳನ್ನು ಗೋಡೆಗೆ ಸರಿಸಿದ್ದಳು. ನನ್ನ ಬಟ್ಟೆ ಇಸ್ತ್ರಿಯಾಗಿ ಮಂಚದ ಮೇಲಿತ್ತು. ಅಕ್ಕನ ಚೀಲವೂ ಕಟ್ಟಿತ್ತು. ನಾನು ಹಳೆಯ ದವಡೆಯನ್ನು ಮೇಜಿನ ಮೇಲೆ ಬೋರಲು ಹಾಕಿ, ತಾರೀಖು ಓದಿ, ಭಾವ ಭಾನುವಾರ ಹೇಳಿದ ಮಾತನ್ನು ಅವನ ಮಾತಿನಲ್ಲೇ ಹೇಳಿದೆ. ನಾನು ಅಂದುಕೊಂಡಿದ್ದು ಅಮ್ಮ ಬೆಚ್ಚಿಬೀಳುತ್ತಾಳೆ, ಅಕ್ಕ ಅಳುತ್ತಾಳೆ ಅಂತ. ಅಮ್ಮ ಒರೆಸುವ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿದಳು.

"ನನಗೆ ಗೊತ್ತಿತ್ತು."

"ಯಾವಾಗಿಂದ?"

"ಮದುವೆ ಆಗಿ ಮೊದಲನೇ ವರ್ಷದಿಂದ. ನನಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗತ್ತೆ ಕಣೇ? ಉದ್ದ ತೋಳಿನ ರವಿಕೆ ಹೊಲಿಸ್ಕೊಂಡಳಲ್ಲ, ಬೇಸಿಗೇಲಿ."

ಎರಡು ವರ್ಷ ಈ ಮನೆಯಲ್ಲಿ ತಲೆ ತಗ್ಗಿಸಿ ಓಡಾಡಿದ್ದೆ. ಅಕ್ಕನ ಮೈಮೇಲೆ ಹೊಸ ಗುರುತು ಕಂಡಾಗಲೆಲ್ಲ ಕ್ಲಚ್‌ಳ ಕೋಣೆಗೆ ಹೋಗುವುದನ್ನು ವಾರಗಟ್ಟಲೆ ಬಿಟ್ಟಿದ್ದೆ, ಉಪವಾಸ ಮಾಡುವವರ ಹಾಗೆ. ಮತ್ತೆ ಯಾಕೆ ನನ್ನ ಮೇಲೆ ಹಾಕಿದೆ ಅಂತ ಕೇಳಿದೆ.

"ಅವನನ್ನ ನಾವೇನು ಮಾಡೋಕಾಗತ್ತೆ? ನಾವು ಹೇಳಿದ್ರೆ ಕೇಳೋ ಮನುಷ್ಯನಾ? ನೀನಾದ್ರೆ ಕೇಳ್ತೀಯ." ಅಮ್ಮ ನನ್ನ ಮುಖ ನೋಡದೆ ಹೇಳಿದಳು. "ನಿನ್ನ ಸರಿ ಮಾಡಿದ್ರೆ ಅವನೂ ಸರಿ ಹೋಗಬಹುದು ಅನ್ನೋ ಆಸೆ. ನಿಮ್ಮಪ್ಪನಿಗೆ ನಾನು ಎಷ್ಟು ಕಾರಣ ಹುಡುಕಿದ್ದೆ ಗೊತ್ತಾ? ಒಂದೊಂದಾಗಿ ಎಲ್ಲಾ ಸರಿ ಮಾಡಿದೆ. ಸಾಯೋ ತನಕ ಹೊಡೆದರು."

ಅವಳು ಹೇಳಿದ ಈ ಎರಡು ಮಾತು ಒಂದಕ್ಕೊಂದು ಹೊಂದುವುದಿಲ್ಲ ಅಂತ ಅವಳಿಗೆ ಕಾಣಲಿಲ್ಲ. ಬಕೆಟ್ಟು ಎತ್ತಿಕೊಂಡು ಬಚ್ಚಲಿಗೆ ಹೋದಳು.

ಅಕ್ಕ ದವಡೆಯನ್ನು ಕೈಗೆತ್ತಿಕೊಂಡು ಆ ಹಳದಿ ಹಲ್ಲನ್ನು ಹೆಬ್ಬೆರಳಿನಿಂದ ಸವರಿದಳು. ಹಲ್ಲಿಲ್ಲದೆ ಅವಳ ಮಾತು ಸ್ವಲ್ಪ ಗಾಳಿಯಾಗಿ ಬರುತ್ತಿತ್ತು.

"ಮೊದಲು ನಾನು ಬಾಗಿಲು ತೆಗೆಯೋದು ತಡ ಅಂತ. ಓಡಿ ಬಂದು ತೆಗೀತಿದ್ದೆ. ಆಮೇಲೆ ಮಕ್ಕಳಾಗಲಿಲ್ಲ ಅಂತ. ಡಾಕ್ಟರು ದೋಷ ನನ್ನದಲ್ಲ ಅಂದ ದಿನ ಈ ಹಲ್ಲು ಹೋಯ್ತು." ಅವಳು ನನ್ನನ್ನು ನೋಡಿದಳು. "ಆಮೇಲೆ ನೀನು ಬಂದು ನಿನ್ನ ವಿಷಯ ಹೇಳಿದೆ. ನಾನೇ ಹೋಗಿ ಅವರಿಗೆ ಹೇಳಿದೆ, ಗೊತ್ತಲ್ಲ? ಯಾಕೆ ಹೇಳಿದೆ ಅಂತ ನೀನು ಯಾವತ್ತೂ ಕೇಳಲಿಲ್ಲ."

"ಯಾಕೆ?"

"ಹೊಸ ಕಾರಣ ಸಿಗತ್ತೆ ಅಂತ. ಅವರು ನಿನ್ನ ಹೆಸರು ಹೇಳ್ಕೊಂಡು ಹೊಡೆದಾಗ ನನಗೆ ಸಮಾಧಾನ ಆಯ್ತು ಕಣೇ. ಸದ್ಯ, ನಾನಲ್ಲ ಅಂತ."

ಅವಳ ಮೇಲೆ ಸಿಟ್ಟು ಬಂತು. ಆ ಸಿಟ್ಟು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅಂತ ಸೋಮವಾರ ನೋಡಿದ್ದೆ. ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತೆ. ಕೆಳಗೆ ಅಂಗಡಿಯಲ್ಲಿ ರಿಪೇರಿಗೆ ಬಂದ ಗಡಿಯಾರಗಳು ಒಂದರ ಹಿಂದೊಂದು ಹೊಡೆದವು, ಒಂದೂ ಸರಿಯಾದ ಗಂಟೆಯಲ್ಲ.

ಪ್ಲೇಟಿನ ಡಬ್ಬಿಯನ್ನು ಅವಳ ಮುಂದಿಟ್ಟೆ. ಅವಳು ತೆರೆದು ನೋಡಿ, ಚೆನ್ನಾಗಿ ಮಾಡಿದ್ದೀಯ ಅಂದಳು. ಹಾಕಿಕೊಳ್ಳಲಿಲ್ಲ.

ಐದು ಗಂಟೆಗೆ ಭಾವ ಬಂದ. ಕನ್ನಡಕದ ಅಂಗಡಿಯವನು ಆರು ಗಂಟೆಗೆ ಬರುತ್ತಾನೆ, ಅಷ್ಟರಲ್ಲಿ ಸಿದ್ಧವಾಗಿರಿ ಅಂತ ಮೆಟ್ಟಿಲಿನಿಂದಲೇ ಹೇಳಿಕೊಂಡು ಬಂದ. ನಾನು ಬಾಗಿಲಲ್ಲಿ ನಿಂತು, ಮದುವೆ ಆಗುವುದಿಲ್ಲ, ಅವರಿಗೆ ಫೋನ್ ಮಾಡಿ ಹೇಳಿಬಿಡಿ ಅಂದೆ. ದವಡೆಯನ್ನು ತೋರಿಸಿ ತಾರೀಖು ಹೇಳಿದೆ. ಅವನು ಅದನ್ನು ಕೈಗೆ ತೆಗೆದುಕೊಂಡು, ಔಷಧದ ಪಟ್ಟಿಯ ಮೇಲಿನ ಸಣ್ಣ ಅಕ್ಷರ ಓದುವ ಹಾಗೆ ಬೆಳಕಿಗೆ ಹಿಡಿದು ಓದಿದ. ಮುಖದಲ್ಲಿ ಏನೂ ಬದಲಾಗಲಿಲ್ಲ.

"ಹಾಗಾದ್ರೆ ಇನ್ನು ಮುಂದೆ ಆಗೋದಕ್ಕೆ ನಾನು ಹೊಣೆ ಅಲ್ಲ."

ಅಷ್ಟೇ ಅಂದ. ದವಡೆಯನ್ನು ಜೋಪಾನವಾಗಿ ವಾಪಸ್ ಕೊಟ್ಟ. ನಡಿ ಅಂತ ಅಕ್ಕನಿಗೆ ಹೇಳಿ ಅವಳ ಚೀಲ ಎತ್ತಿಕೊಂಡು ಇಳಿಯತೊಡಗಿದ. ಅಕ್ಕ ಎದ್ದಳು. ನಾನು ಹೋಗಬೇಡ ಅಂದೆ. ಅಮ್ಮ ಗಂಡನ ಮನೆಗೆ ಹೋಗುವವಳನ್ನು ತಡೆಯಬೇಡ ಅಂದಳು. ಅಕ್ಕ ಅವನ ಹಿಂದೆ ಇಳಿದಳು. ನಾನೂ ಇಳಿದೆ. ಪ್ಲೇಟಿನ ಡಬ್ಬಿ ಮೇಜಿನ ಮೇಲೇ ಉಳಿದಿತ್ತು.

ಮೆಟ್ಟಿಲು ಮುಗಿಯುವಲ್ಲೇ ಗಡಿಯಾರದವನ ಅಂಗಡಿ. ಅವನು ಒಂದು ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡೇ ತಲೆಯೆತ್ತಿದ. ನಮ್ಮನ್ನು ಇಪ್ಪತ್ತು ವರ್ಷದಿಂದ ನೋಡಿದವನು. ಏನಮ್ಮ ಹಲ್ಲಿಗೆ ಅಂತ ಕೇಳಿದ. ನಾಲ್ಕು ವರ್ಷದ ಹಿಂದೆಯೂ ಅವನು ಕೇಳಿದ್ದ, ಬಿದ್ದೆ ಅಂದಿದ್ದಳು.

"ಹೊಡೆದ್ರು. ಇವರೇ."

ಬೀದಿಯಲ್ಲಿ ಒಂದಿಬ್ಬರು ತಿರುಗಿದರು. ಭಾವ ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಗಡಿಯಾರದವನು ಮಸೂರ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡ.

"ಅಯ್ಯೋ, ಹೋಗ್ಲಿ ಬಿಡಮ್ಮ. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ."

"ಉಣ್ಣೋಕೆ ಹಲ್ಲು ಬೇಕಲ್ಲ, ಅಂಕಲ್."

ಅವನು ಭಾವನ ಕಡೆ ತಿರುಗಿ, ಎರಡು ದಿನದ ಹಿಂದೆಯಷ್ಟೇ ಕೆಮ್ಮಿನ ಔಷಧ ಕೊಂಡವನ ಸಂಕೋಚದಿಂದ, ಏನ್ ಸಾರ್ ಕಾರಣ ಅಂತ ಕೇಳಿದ. ಭಾವ ಉತ್ತರಿಸುವ ಮುಂಚೆ ನನ್ನನ್ನು ಒಮ್ಮೆ ನೋಡಿದ. ಆಮೇಲೆ ಅಂಗಡಿಯ ಕಟ್ಟೆಗೆ ಬಾಗಿ, ಕಿವಿ ಕೇಳದ ಮುದುಕಿಗೆ ಹೇಳುವ ಅದೇ ತಾಳ್ಮೆಯಿಂದ, ತಗ್ಗಿದ ಧ್ವನಿಯಲ್ಲಿ ಹೇಳತೊಡಗಿದ. ನನಗೆ ಮಾತು ಕೇಳಿಸಲಿಲ್ಲ, ಕೇಳಿಸುವ ಅಗತ್ಯವೂ ಇರಲಿಲ್ಲ. ಗಡಿಯಾರದವನು ತಲೆದೂಗಿದ. ಮಸೂರವಿಲ್ಲದ ಕಣ್ಣಿನಿಂದ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಅವನ ಮುಖದಲ್ಲಿ ನಿರಾಳ ಕಂಡಿತು. ಗಡಿಯಾರ ಯಾಕೆ ನಿಂತಿತು ಅಂತ ಗೊತ್ತಾದಾಗ ಅವನ ಮುಖ ಹಾಗಾಗುತ್ತದೆ.

ಅಕ್ಕನೂ ಅದನ್ನು ನೋಡಿದಳು. ಅವಳು ಭಾವನ ಕೈಯಿಂದ ತನ್ನ ಚೀಲ ತೆಗೆದುಕೊಂಡಳು. ಅವನು ಬೀದಿಯಲ್ಲಿ ಎಳೆದಾಡುವವನಲ್ಲ, ಬಿಟ್ಟ. ಅವಳು ಮೆಟ್ಟಿಲು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ಚೀಲ ತಗಲುತ್ತಿತ್ತು.

ಇದಾಗಿ ಐದು ವಾರ. ಅಕ್ಕ ಒಳಕೋಣೆಯಲ್ಲಿದ್ದಾಳೆ. ಠಾಣೆಗೆ ಹೋಗಿ ಬಂದೆವು. ಬರೆದುಕೊಳ್ಳುವವನು ಹಲ್ಲಿಲ್ಲದ ಜಾಗವನ್ನು ನೋಡಿ, ದವಡೆಗಳನ್ನು ನೋಡಿ, ಜಗಳಕ್ಕೆ ಮೂಲ ಏನು ಅಂತ ಕೇಳಿದ. ಮೂಲ ಇಲ್ಲ ಅಂದಳು. ಏನಾದರೂ ಇರಲೇಬೇಕಲ್ಲಮ್ಮ ಅಂದ, ಪೆನ್ನು ಎತ್ತಿ ಹಿಡಿದುಕೊಂಡೇ ಕೂತ. ಕೊನೆಗೆ ಏನು ಬರೆದನೋ ತಿಳಿಯಲಿಲ್ಲ. ಭಾವನ ಅಂಗಡಿಯಲ್ಲಿ ಈಗಲೂ ಜನರಿದ್ದಾರೆ. ನಮ್ಮ ಬೀದಿಯ ಹೆಂಗಸರು ನನ್ನ ಪಕ್ಕ ನಿಲ್ಲುವುದಿಲ್ಲ. ನೀನು ಒಪ್ಪಿಕೊಂಡಿದ್ದರೆ ಅವನು ಸರಿ ಹೋಗುತ್ತಿದ್ದನೋ ಏನೋ ಅಂತ ಅಮ್ಮ ಈಗಲೂ ಅನ್ನುತ್ತಾಳೆ, ಪಾತ್ರೆ ತೊಳೆಯುವಾಗ, ನನಗೆ ಕೇಳಿಸುವ ಹಾಗೆ.

ಕ್ಲಚ್‌ಗೆ ಒಂದು ಮೆಸೇಜು ಕಳಿಸಿದೆ. ಮೊದಲು ಉದ್ದವಾಗಿ ಬರೆದಿದ್ದೆ: ಅಕ್ಕ, ಅಮ್ಮ, ಆ ವಾರ. ಎಲ್ಲ ಅಳಿಸಿದೆ. ಕಳಿಸಿದ್ದು ಇಷ್ಟು: ನಿನ್ನ ಕೈ ಹಿಡಿದವಳು ನಾನೇ, ಬಿಡದೆ ಇದ್ದವಳೂ ನಾನೇ. ಅವಳು ಓದಿದ್ದಾಳೆ. ಉತ್ತರ ಬಂದಿಲ್ಲ.

ಪ್ಲೇಟು ನನ್ನ ಖಾನೆಯಲ್ಲಿದೆ. ಒಣಗಬಾರದು ಅಂತ ಡಬ್ಬಿಯ ನೀರನ್ನು ಮೂರು ದಿನಕ್ಕೊಮ್ಮೆ ಬದಲಿಸುತ್ತೇನೆ. ಹಾಕಿಕೋ ಅಂದರೆ ಅಕ್ಕ ಇನ್ನೂ ಬೇಡ ಅನ್ನುತ್ತಾಳೆ. ಬೆಳಗ್ಗೆ ಎದ್ದು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ, ಉಳಿದ ಹಲ್ಲುಗಳ ಕಡೆಯಿಂದ, ನಿಧಾನವಾಗಿ ತಿನ್ನುತ್ತಾಳೆ. ಆಮೇಲೆ ಚಪ್ಪಲಿ ಹಾಕಿಕೊಂಡು ಬೀದಿಗೆ ಇಳಿಯುತ್ತಾಳೆ, ಯಾರಾದರೂ ಕೇಳಲಿ ಅಂತ.